ಅವರೆ ಚಪ್ಪರಕ್ಕೆ ಎರಡು ಬೀಗ

"ಈ ಮನೆಯ ಅವರೆಕಾಯಿಗೆ ಇನ್ನು ಮುಂದೆ ಒಂದು ಇಲಿಯ ಮೀಸೆಯೂ ತಾಗುವುದಿಲ್ಲ!" ಎಂದು ನಾನು ಹಿತ್ತಿಲಲ್ಲಿ ನಿಂತು ಘೋಷಿಸಿದೆ.

ಕೇಳಿಸಿಕೊಂಡವರು ನನ್ನ ಹೆಂಡತಿ ಕಮಲಾಕ್ಷಿ, ಗೋಡೆಯಾಚೆ ಬಟ್ಟೆ ಒಣಗಹಾಕುತ್ತಿದ್ದ ಪಕ್ಕದ ಮನೆಯ ಇಂದಿರಮ್ಮ, ಮತ್ತು ಆ ಗೋಡೆಯ ಮೇಲೆ ಮಲಗಿದ್ದ ಇಂದಿರಮ್ಮನವರ ಬೆಕ್ಕು. ಬೆಕ್ಕು ಒಂದು ಕಣ್ಣು ತೆರೆದು ನನ್ನನ್ನು ನೋಡಿತು. ಆಮೇಲೆ ಮುಚ್ಚಿಕೊಂಡಿತು. ನನಗೆ ಆಗಲೇ ಅರ್ಥವಾಗಬೇಕಿತ್ತು.

ನನ್ನ ಧೈರ್ಯಕ್ಕೆ ಕಾರಣವಿತ್ತು ಸ್ವಾಮಿ. ನಾನು ದಿನಕರ, ಮಾಗಡಿ ಕಡೆಯವನು. ವರ್ಗಾವಣೆಯ ಗಾಳಿಗೆ ಊರೂರು ತಿರುಗಿ ಈಗ ವಿಶಾಖಪಟ್ಟಣದಲ್ಲಿ, ಬಂದರಿಗೆ ಹೋಗುವ ರಸ್ತೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಶಾಖೆಯ ಸ್ಟ್ರಾಂಗ್ ರೂಮಿಗೆ ಎರಡು ಬೀಗ. ಒಂದರ ಬೀಗದ ಕೈ ನನ್ನ ಹತ್ತಿರ, ಇನ್ನೊಂದರದು ಸಹೋದ್ಯೋಗಿ ಗುರುದತ್ ಹತ್ತಿರ. ಇಬ್ಬರೂ ಕೂಡಿ ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಒಬ್ಬರ ಬೀಗವನ್ನು ಇನ್ನೊಬ್ಬರು ಬೆರಳ ತುದಿಯಿಂದಲೂ ಮುಟ್ಟಬಾರದು. ಒಬ್ಬರು ಬೀಗ ತೆಗೆಯುವಾಗ ಇನ್ನೊಬ್ಬರು ಮುಖ ತಿರುಗಿಸಿ ನಿಲ್ಲಬೇಕು. ಇದು ಯಾವ ನಿಯಮದಲ್ಲೂ ಇಲ್ಲ, ನಾನೇ ಸೇರಿಸಿದ ಶಿಷ್ಟಾಚಾರ. ಇಷ್ಟೆಲ್ಲ ಕಾದವನಿಗೆ ಅಂಗೈಯಗಲದ ಅವರೆ ಪಾತಿ ಕಾಯುವುದು ಯಾವ ಲೆಕ್ಕ!

ಆದರೆ ಆ ಪಾತಿ ಬರೀ ಪಾತಿಯಲ್ಲ. ನಮ್ಮ ಒಬ್ಬಳೇ ಮಗಳು ಅರ್ಪಿತಾ ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿಯವನೇ ಆದ ತೇಜನನ್ನು ಮೆಚ್ಚಿ ಮದುವೆಯಾಗಿದ್ದಾಳೆ. ಅವಳು ಬಸುರಿ ಎಂಬ ಸುದ್ದಿ ಬಂದ ವಾರವೇ ಕಮಲಾಕ್ಷಿ ತವರಿನಿಂದ ತಂದು ಗಂಟು ಕಟ್ಟಿಟ್ಟಿದ್ದ ಅವರೆ ಬೀಜವನ್ನು ಹಿತ್ತಿಲಲ್ಲಿ ಊರಿದಳು. ಹೂವು ಬಿಡುವ ಹೊತ್ತಿಗೆ ಸರಿಯಾಗಿ ಮಗಳ ಫೋನು ಬಂತು.

"ಅಮ್ಮಾ, ಅತ್ತಯ್ಯ ದಿನಕ್ಕೊಂದು ಥರ ಬೇಳೆ ಪಪ್ಪು ಮಾಡ್ತಾರೆ, ಚೆನ್ನಾಗೇ ಇರುತ್ತೆ. ಆದ್ರೆ ಕಣ್ಣು ಮುಚ್ಚಿದ್ರೆ ಹಿತಕಿದ ಬೇಳೆ ಸಾರಿನ ವಾಸನೆ ಬರುತ್ತಮ್ಮ. ಏಡುಪು ಬರುತ್ತೆ ನಂಗೆ."

ಮಗಳಿಗೆ ಅಳು ಎಂಬ ಪದ ಕನ್ನಡದಲ್ಲಿ ಸಿಗದೆ ತೆಲುಗಿನಲ್ಲಿ ಸಿಕ್ಕಿತ್ತು. ಅರ್ಪಿತಾ ಏನನ್ನೂ ಹಟ ಮಾಡಿ ಕೇಳಿದ ಮಗುವಲ್ಲ. ನನ್ನ ಪ್ರತಿ ವರ್ಗಾವಣೆಗೂ ಶಾಲೆ ಬಿಟ್ಟು, ಗೆಳತಿಯರನ್ನು ಬಿಟ್ಟು, ಚೀಲ ಹೆಗಲಿಗೇರಿಸಿ ಸುಮ್ಮನೆ ಲಾರಿಯ ಪಕ್ಕ ಬಂದು ನಿಲ್ಲುತ್ತಿದ್ದಳು. ಅಂಥವಳು ಬಾಯಿಬಿಟ್ಟು ಒಂದು ಕೇಳಿದ್ದಾಳೆ. ಇಲ್ಲಿಯ ರೈತು ಬಜಾರಿನಲ್ಲಿ ಚಿಕ್ಕುಡುಕಾಯಿ ಎಂಬ ಈ ಕಡೆಯ ಅವರೆ ರಾಶಿ ಬಿದ್ದಿರುತ್ತದೆ, ನಿಜ. ಆದರೆ ನಮ್ಮ ಸೊಗಡು ಅದಕ್ಕೆಲ್ಲಿಂದ ಬರಬೇಕು?

"ಮಾಘದಲ್ಲಿ ಸೀಮಂತ. ಅವತ್ತು ಅವಳ ಎಲೆಗೆ ಈ ಅವರೆಕಾಯಿ ಸಾರು ಬೀಳಲೇಬೇಕು," ಎಂದು ಕಮಲಾಕ್ಷಿ ತೀರ್ಮಾನಿಸಿದಳು.

"ಬೀಳದೆ ಏನು? ನಾನಿಲ್ಲವೇ!" ಎಂದೆ.

ಕಾಯಿ ಕಟ್ಟಿದ್ದೇ ತಡ, ಶತ್ರುಗಳು ಸಾಲುಗಟ್ಟಿ ಬಂದರು. ಬಸವನಹುಳು ಎಲೆಗೆ, ಅಳಿಲು ಹೂವಿಗೆ, ಇಲಿ ಎಳೆಗಾಯಿಗೆ. ನಾನು ಅಂಗಡಿಯಿಂದ ಇಲಿ ಪಾಷಾಣ ಹಿಡಿದು ಬಂದೆ. ಕಮಲಾಕ್ಷಿ ಬಾಗಿಲಲ್ಲೇ ತಡೆದಳು.

"ಮಗಳು ಬಸುರಿ ಇದಾಳೆ. ಈ ಮನೇಲಿ ಒಂದು ಇರುವೇನೂ ಸಾಯಕೂಡದು."

"ಅವಳಿರೋದು ವಿಜಯವಾಡದಲ್ಲಿ ಕಣೇ! ಇಲ್ಲಿ ಇಲಿ ಸತ್ರೆ ಅಲ್ಲಿಗೇನು?"

"ಅಲ್ಲಿ ಅವಳಿಗೆ ಬಿಕ್ಕಳಿಕೆ ಬಂದ್ರೆ ಇಲ್ಲಿ ನೀವು ನೀರು ಕುಡೀತೀರಲ್ಲ, ಹಂಗೇ ಇದು."

ನನ್ನ ಮೇಲೆ ಇಂಥ ಗುಟ್ಟಿನ ಸಾಕ್ಷ್ಯ ಅವಳ ಹತ್ತಿರ ಬೇಕಾದಷ್ಟಿದೆ. ಪಾಷಾಣ ಅಂಗಡಿಗೆ ವಾಪಸು ಹೋಯಿತು. ಬೋನೂ ಬೇಡವೆಂದಳು. ಆಮೇಲೆ ನಾನು ಅಹಿಂಸಾ ಯುದ್ಧಕ್ಕಿಳಿದೆ. ಬೆಳ್ಳುಳ್ಳಿ ನೀರು ಚಿಮುಕಿಸಿದೆ. ಅಳಿಲಿಗೆ ಒಗ್ಗರಣೆ ರುಚಿಸಿತು. ಮೆಣಸಿನ ಪುಡಿ ಎರಚಿದೆ. ಸಮುದ್ರದ ಗಾಳಿ ಅದನ್ನು ಹಾಗೆಯೇ ತಂದು ನನ್ನ ಕಣ್ಣಿಗೆ ಒಪ್ಪಿಸಿತು. ಹಳೆಯ ಸಿಡಿಗಳನ್ನು ದಾರಕ್ಕೆ ಕಟ್ಟಿ ಮಿನುಗಿಸಿದೆ, ಇಂದಿರಮ್ಮ ಗೋಡೆಯ ಮೇಲಿಂದ ಇಣುಕಿ, "ಪೆಳ್ಳಿ ಮಂಟಪಂಲಾ ಉಂದಿ ಅಂಡಿ!" ಎಂದರು. ಮದುವೆ ಮಂಟಪವೇ ಆಗಿತ್ತು. ಇಲಿಗಳು ಬೀಗರಂತೆ ಬಂದು ಉಂಡು ಹೋಗುತ್ತಿದ್ದವು.

ಆಗಲೇ ನನ್ನೊಳಗಿನ ಸ್ಟ್ರಾಂಗ್ ರೂಮ್ ಅಧಿಕಾರಿ ಎದ್ದು ಕುಳಿತದ್ದು! ಗಾಜುವಾಕದ ಕಡೆಯ ಒಬ್ಬ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ, ಇಡೀ ಚಪ್ಪರಕ್ಕೆ ಕಬ್ಬಿಣದ ಪಂಜರ ಮಾಡಿಸಿದೆ. ಜಾಲರಿ ಎಂಥದ್ದು? ಬೆರಳು ತೂರದಂಥದ್ದು. ಕಂಬ ಎಂಥದ್ದು? ಆನೆ ಕಟ್ಟುವಂಥದ್ದು. ಬಾಗಿಲಿಗೆ ಎರಡು ಚಿಲಕ, ಎರಡು ಬೀಗ. ಒಂದರ ಕೈ ನನಗೆ, ಇನ್ನೊಂದರದು ಕಮಲಾಕ್ಷಿಗೆ.

"ಎರಡು ಯಾಕ್ರೀ? ಇಲಿ ಏನು ಬೀಗ ತೆಗೆಯುತ್ತಾ?"

"ವ್ಯವಸ್ಥೆ ಅಂದರೆ ವ್ಯವಸ್ಥೆ. ಜಂಟಿ ಕಸ್ಟಡಿ! ನಿನ್ನ ಬೀಗ ನಾನು ಮುಟ್ಟಲ್ಲ, ನನ್ನ ಬೀಗ ನೀನು ಮುಟ್ಟೋ ಹಾಗಿಲ್ಲ."

ಕಮಲಾಕ್ಷಿ ನನ್ನನ್ನೂ ಬೀಗವನ್ನೂ ಒಮ್ಮೆ ನೋಡಿ, ಕೈಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡಳು. ಅಂದಿನಿಂದ ಭಾನುವಾರ ಬೆಳಿಗ್ಗೆ ಪಂಜರ ತೆರೆಯುವ ಸಮಾರಂಭ. ಮೊದಲು ಅವಳು ತನ್ನ ಬೀಗ ತೆಗೆಯುವಳು. ನಾನು ಶಿಷ್ಟಾಚಾರದಂತೆ ಸಿಂಹಾಚಲಂ ಬೆಟ್ಟದ ಕಡೆ ಮುಖ ಮಾಡಿ ನಿಲ್ಲುವೆ. ಆಮೇಲೆ ನನ್ನದು. ಒಳಗೆ ಹೋಗಿ, ಕಾಯಿ ನೋಡಿ, ತಲೆದೂಗಿ, ಮತ್ತೆ ಬೀಗ. ಉಳಿದ ದಿನ ಜಾಲರಿಯ ಹೊರಗಿನಿಂದಲೇ ಪೈಪಿನಲ್ಲಿ ನೀರು. ಆಶ್ಚರ್ಯ! ವಾರಗಟ್ಟಲೆ ಒಂದು ಕಾಯಿಗೂ ಹಲ್ಲು ತಾಗಲಿಲ್ಲ. ನಾನು ಬ್ಯಾಂಕಿನಲ್ಲಿ ಇದನ್ನು ಗುರುದತ್‌ಗೆ ಎಷ್ಟು ಸಲ ಹೇಳಿದೆನೆಂದರೆ, ಅವನು ನನ್ನನ್ನು ಕಂಡರೆ ಫೋನು ಬಾರದೆಯೇ ಹಲೋ ಎನ್ನತೊಡಗಿದ.

ಸೀಮಂತದ ವಾರ ಬಂತು. ಕಮಲಾಕ್ಷಿ ಚಕ್ಕುಲಿ, ಕೋಡುಬಳೆ, ಹಸಿರು ಬಳೆ ಎಲ್ಲ ಕಟ್ಟಿಕೊಂಡು ಮುಂಚೆಯೇ ವಿಜಯವಾಡಕ್ಕೆ ಹೊರಟಳು. ರೈಲಿನ ಕಿಟಕಿಯಿಂದ ಅವಳು ಹೇಳಿದ ಕಡೆಯ ಮಾತು: "ಹೊರಡೋ ದಿನ ಬೆಳಿಗ್ಗೆ ಹಸಿ ಹಸಿಯಾಗಿ ಕಿತ್ಕೊಂಡು ಬನ್ನಿ. ಮುಂಚೆ ಕೀಳಬೇಡಿ, ಸೊಗಡು ಹೋಗುತ್ತೆ."

"ನೀನು ನಿಶ್ಚಿಂತೆಯಿಂದ ಹೋಗು!"

ರೈಲು ಹೋಯಿತು. ಅದರ ಕೊನೆಯ ಡಬ್ಬಿ ಕಣ್ಣಿಗೆ ಮರೆಯಾದಾಗ ನನಗೆ ಹೊಳೆಯಿತು. ಅವಳ ಗೊಂಚಲು ಅವಳ ಸೊಂಟದಲ್ಲಿದೆ!

ಇರಲಿ, ಹೇಗೋ ತರಿಸಿಕೊಂಡರಾಯಿತು ಎಂದು ಮನೆಗೆ ಬಂದು ಹಿತ್ತಿಲಿಗೆ ಹೋಗಿ ಕುಳಿತೆ. ಒಂದೆರಡು ದಿನ ಎಲ್ಲ ಸುಖ. ಆಮೇಲೆ ಒಂದು ಸಂಜೆ ಕಾಫಿ ಲೋಟ ಹಿಡಿದು ನೋಡುತ್ತೇನೆ, ಪಂಜರದೊಳಗೆ ಮಣ್ಣು ಕುದಿಯುತ್ತಿದೆ! ಕುದಿದು ಕುದಿದು ಮೇಲಕ್ಕೆ ಉಬ್ಬಿ, ಅದರೊಳಗಿಂದ ಒಂದು ಮೂತಿ, ಮೂತಿಯ ಹಿಂದೆ ಮೀಸೆ, ಮೀಸೆಯ ಹಿಂದೆ ಒಂದು ಮಹಾಕಾಯ ಹೆಗ್ಗಣ! ಸ್ಟ್ರಾಂಗ್ ರೂಮಿಗೆ ಕಾಂಕ್ರೀಟಿನ ನೆಲವಿರುತ್ತದೆ ಸ್ವಾಮಿ. ನನ್ನ ಪಂಜರಕ್ಕೆ ನೆಲ ಭೂಮಿತಾಯಿ. ನಾಲ್ಕು ಗೋಡೆ, ಒಂದು ಸೂರು, ಎರಡು ಬೀಗ ಎಲ್ಲ ಯೋಚಿಸಿದ್ದ ನನಗೆ ಆ ಒಂದು ದಿಕ್ಕು ಹೊಳೆದಿರಲಿಲ್ಲ.

ಹೆಗ್ಗಣ ಆರಾಮವಾಗಿ ಕುಳಿತು ಒಂದು ಸೊಂಪಾದ ಕಾಯಿಯನ್ನು ಎಳೆದುಕೊಂಡು ಸಿಪ್ಪೆ ಬಿಡಿಸತೊಡಗಿತು. "ಹೋಯ್!" ಎಂದೆ. ಅದು ನನ್ನನ್ನು ನೋಡಿ, ನಡುವೆ ಜಾಲರಿ ಇರುವುದನ್ನೂ ನೋಡಿ, ಊಟ ಮುಂದುವರಿಸಿತು. ಸ್ಟೀಲ್ ತಟ್ಟೆ ತಂದು ಸೌಟಿನಿಂದ ಬಾರಿಸಿದೆ. ಇಂದಿರಮ್ಮ ಓಡಿ ಬಂದರು.

"ಏಮಯಿಂದಂಡಿ? ಗ್ರಹಣಮಾ?"

"ಒಳಗೆ ನೋಡಿ ಅಮ್ಮಾ!"

"ಅಯ್ಯಬಾಬೋಯ್, ಪಂದಿಕೊಕ್ಕು!" ಎಂದು ಹೆಗ್ಗಣದ ಕಡೆ ಕೈ ತೋರಿಸಿ, ಅವರು ಬೆಕ್ಕನ್ನು ಎತ್ತಿ ಪಂಜರದ ಮುಂದೆ ಬಿಟ್ಟರು. ಬೆಕ್ಕು ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಒಳಗೆ ಹೋಗಲು ದಾರಿಯೆಲ್ಲಿ? ಇಲಿಯೇ ನುಸುಳದ ಜಾಲರಿಯಲ್ಲಿ ಬೆಕ್ಕು ಹೇಗೆ ನುಸುಳೀತು? ಕೊನೆಗೆ ಅದು ಬಾಲ ಸುತ್ತಿಕೊಂಡು ಕುಳಿತು ಟಿವಿ ನೋಡುವಂತೆ ನೋಡತೊಡಗಿತು. ನಾನು ಹೆಗ್ಗಣಕ್ಕೆ ಬೆಕ್ಕು ಬಾರದ, ನಾಯಿ ಬಾರದ, ಹದ್ದು ಎರಗದ ಊಟದ ಮನೆ ಕಟ್ಟಿಸಿಕೊಟ್ಟಿದ್ದೆ!

ಬಿಲಕ್ಕೆ ನೀರು ಬಿಟ್ಟರೆ ಓಡೀತು ಎಂದು ಪೈಪು ತಿರುಗಿಸಿದೆ. ಹೆಗ್ಗಣ ಓಡಲಿಲ್ಲ. ಮಣ್ಣು ಕೆಸರಾಯಿತು, ಚಪ್ಪರದ ಒಂದು ಗೂಟ ವಾಲಿತು, ಅರ್ಧ ಚಪ್ಪರ ಮೆಲ್ಲಗೆ ಕೆಳಗೆ ಕುಳಿತುಕೊಂಡಿತು. ಅಷ್ಟು ಹೊತ್ತು ಕತ್ತೆತ್ತಿ ಎಳೆದು ತಿನ್ನಬೇಕಾಗಿದ್ದ ಕಾಯಿಗಳು ಈಗ ಅದರ ಬಾಯಿಯ ಮಟ್ಟಕ್ಕೇ ಬಂದವು.

ನನ್ನ ಬೀಗವನ್ನೇನೋ ತೆಗೆದೆ. ಪಕ್ಕದಲ್ಲಿ ಕಮಲಾಕ್ಷಿಯ ಬೀಗ, ಉಪ್ಪುಗಾಳಿಗೆ ಕೆಂಪು ತಿರುಗಿ, ಗಂಭೀರವಾಗಿ ನೇತಾಡುತ್ತಿತ್ತು. ಕೈ ಅತ್ತ ಹೋಯಿತು, ಅರ್ಧಕ್ಕೇ ನಿಂತಿತು. ಸರ್ವಿಸಿನುದ್ದಕ್ಕೂ ಇನ್ನೊಬ್ಬರ ಬೀಗ ಮುಟ್ಟದ ಕೈ! ಮನಸ್ಸು ತಡೆಯದೆ ಗುರುದತ್‌ಗೆ ಫೋನು ಮಾಡಿದೆ.

"ಗುರುದತ್, ಜಂಟಿ ಕಸ್ಟಡಿಯ ಇನ್ನೊಂದು ಬೀಗ ಒಡೆಯಬಹುದೇನಪ್ಪಾ?"

ಆಚೆ ಲೋಟ ಬಿದ್ದ ಸದ್ದು. "ಸಾರ್! ಎಲ್ಲಿದೀರಾ ಸಾರ್? ಏನೂ ಮಾಡಬೇಡಿ, ನಾನು ಬರ್ತೀನಿ!"

"ಬ್ಯಾಂಕಿನದಲ್ಲಯ್ಯಾ, ಅವರೆ ಚಪ್ಪರದ್ದು."

ಅವನು ಉಸಿರು ಬಿಟ್ಟ. "ಸಾರ್, ಆ ಕಡೆಯ ಕಸ್ಟೋಡಿಯನ್ ಮೇಡಂ ತಾನೆ? ನಾನಾಗಿದ್ರೆ ಮುಟ್ತಿರಲಿಲ್ಲ."

ವೆಲ್ಡಿಂಗ್ ಅಂಗಡಿಯವನನ್ನು ಕೇಳಿದರೆ, "ರೇಪು ವಸ್ತಾನು ಸಾರ್," ಎಂದ. ಪ್ರತಿದಿನ ಕೇಳಿದೆ, ಪ್ರತಿದಿನ ನಾಳೆ ಬರುತ್ತೇನೆಂದ. ಅಷ್ಟರಲ್ಲಿ ಕಮಲಾಕ್ಷಿಯ ಫೋನು.

"ಕಾಯಿ ಹೇಗಿದಾವ್ರೀ?"

ಹೇಗೆ ಹೇಳಲಿ? ಹಿಂದೆ ಅರ್ಪಿತಾಳ ದನಿ ಕೇಳುತ್ತಿತ್ತು: "ಅಮ್ಮಾ, ಅಪ್ಪಂಗೆ ಹೇಳು, ಜಾಸ್ತಿ ತರಲಿ, ಇವರಿಗೂ ತಿನ್ನಿಸ್ತೀನಿ!"

"ಭದ್ರ!" ಎಂದೆ. "ನಿನ್ನ ಬೀಗದ ಕೈ ಎಲ್ಲಿದೆ?"

"ಗೊಂಚಲಲ್ಲೇ ಇದೆ. ಯಾಕೆ?"

"ಸುಮ್ಮನೆ. ಜೋಪಾನ ಅಂತ."

ಕೂಡಲೇ ಅಳಿಯನಿಗೆ ಗುಟ್ಟಾಗಿ ಕರೆ ಮಾಡಿದೆ. "ತೇಜಾ, ನಿಮ್ಮ ಅತ್ತೆಯ ಗೊಂಚಲಿನಲ್ಲಿ ಅರಿಸಿನ ದಾರ ಕಟ್ಟಿದ ಒಂದು ಬೀಗದ ಕೈ ಇದೆ. ಯಾರಿಗೂ ಹೇಳದೆ ಬಿಚ್ಚಿ ಕಳಿಸಪ್ಪ."

"ತಪ್ಪಕುಂಡಾ ಮಾವಯ್ಯಗಾರು!" ಎಂದ ಆ ಚಿನ್ನದಂಥ ಹುಡುಗ. ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ಬೆಳಗಿನ ರೈಲಿಗೆ ಬರುತ್ತಿದ್ದ ತನ್ನ ಆಫೀಸಿನವರ ಕೈಯಲ್ಲಿ ಕಳಿಸಿಯೇಬಿಟ್ಟ. ನಾನು ಸ್ಟೇಷನ್ನಿಗೆ ಹೋಗಿ ಲಕೋಟೆ ಇಸಿದುಕೊಂಡು, ಅಲ್ಲೇ ಬಿಚ್ಚಿ ನೋಡಿದರೆ, ಅರಿಸಿನ ದಾರವೇನೋ ಇತ್ತು. ಕೈ ಮಾತ್ರ ನನ್ನ ಹೆಬ್ಬೆರಳಿನಷ್ಟು ದಪ್ಪ, ಕೋಟೆ ಬಾಗಿಲಿನದು! ನಮ್ಮ ಪುಟ್ಟ ಬೀಗದ ಕಿಂಡಿಯ ಹತ್ತಿರ ಹಿಡಿಯುವ ಅಗತ್ಯವೂ ಇರಲಿಲ್ಲ. ಮತ್ತೆ ಅಳಿಯನಿಗೆ ಫೋನು.

"ತೇಜಾ, ಇದು ಯಾವ ಕೈ?"

"ಅಯ್ಯೋ ಮಾವಯ್ಯಗಾರು!" ದನಿ ಪಿಸುಗುಟ್ಟಿತು. "ಅತ್ತಯ್ಯಗಾರಿ ಗೊಂಚಲು, ಮಾ ಅಮ್ಮ ಗೊಂಚಲು ಒಂದೇ ಮೊಳೆಗೆ ತಗುಲಿಹಾಕಿದ್ರು. ಅದು ಅಮ್ಮನ ಊರಗಾಯ ಬೀರುವಿಂದು. ಇಲ್ಲಿ ಎಲ್ಲರೂ ಹುಡುಕ್ತಿದಾರೆ. ನಾನೂ ಹುಡುಕ್ತಿದೀನಿ!"

ಬೀಗಿತ್ತಿ ದುರ್ಗಾಂಬ ಅವರ ಉಪ್ಪಿನಕಾಯಿ ಬೀರು ಎಂದರೆ ಸಾಮಾನ್ಯವೇ? ಆವಕಾಯ, ಗೋಂಗೂರ, ಮಾಗಾಯ ಎಲ್ಲ ಜಾಡಿಗಳೂ ಅದರೊಳಗೆ. ಸೀಮಂತದ ಊಟ, ಅದರಲ್ಲೂ ವಿಜಯವಾಡದಲ್ಲಿ, ಉಪ್ಪಿನಕಾಯಿಯಿಲ್ಲದೆ! ಹೀಗೆ ವಿಶಾಖಪಟ್ಟಣದಲ್ಲಿ ಒಂದು ಬೀಗ, ವಿಜಯವಾಡದಲ್ಲಿ ಒಂದು ಬೀಗ, ಎರಡೂ ಊರಿನ ಊಟಕ್ಕೆ ನಾನೊಬ್ಬನೇ ಕಲ್ಲು ಹಾಕಿದ್ದೆ.

ಹೊರಡುವ ದಿನದ ಬೆಳಿಗ್ಗೆ ಪಂಜರದ ಮುಂದೆ ಖಾಲಿ ಚೀಲ ಹಿಡಿದು ನಿಂತೆ. ಒಳಗೆ ಬರೀ ಸಿಪ್ಪೆ, ದಂಟು, ಕೆಸರು. ನಗು ಬರಲಿಲ್ಲ. ಲಾರಿಯ ಪಕ್ಕ ಚೀಲ ಹಾಕಿಕೊಂಡು ನಿಲ್ಲುತ್ತಿದ್ದ ಆ ಪುಟ್ಟ ಹುಡುಗಿಯೇ ಕಣ್ಣ ಮುಂದೆ ಬಂದಳು. ಕೇಳಿದ್ದು ಒಂದು ಬಟ್ಟಲು ಸಾರು. ಅದನ್ನೂ ಕೊಡಲಾರದ ಅಪ್ಪ! ಕಣ್ಣು ಮಂಜಾಯಿತು. ಮೆಣಸಿನ ಪುಡಿ ಇನ್ನೂ ಗಾಳಿಯಲ್ಲಿದೆ ಎಂದು ನನಗೆ ನಾನೇ ಹೇಳಿಕೊಂಡೆ.

"ದಿನಕರ್‌ಗಾರು, ಕಾಯಲು ಕೋಯಲೇದಾ?" ಗೋಡೆಯಾಚೆಯಿಂದ ಇಂದಿರಮ್ಮ.

"ಕೀಳಲು ಏನಿದೆ ಅಮ್ಮಾ, ಎಲ್ಲ ಅದೇ ತಿಂದುಬಿಟ್ಟಿತು."

"ಅದೇಮಿಟಿ! ಮಾ ವೈಪು ಅಂತಾ ಮೀ ಕಾಯಲೇ ಕದಾ!" ನಿಮ್ಮ ಕಾಯಿ ನಮ್ಮ ಕಡೆ ಬೇಕಾದಷ್ಟಿದೆಯಲ್ಲ ಎನ್ನುತ್ತಿದ್ದರು. ಕುರ್ಚಿ ಹತ್ತಿ ಗೋಡೆಯಾಚೆ ಇಣುಕಿದೆ. ಮೂಲೆಯ ಬಳ್ಳಿಯೊಂದು ಜಾಲರಿಯಿಂದ ತಲೆ ತೂರಿಸಿ, ಗೋಡೆ ಹತ್ತಿ, ಆಚೆ ಇಳಿದು, ಇಂದಿರಮ್ಮನವರ ಬಟ್ಟೆ ಒಣಗಿಸುವ ಹಗ್ಗದುದ್ದಕ್ಕೂ ಹಬ್ಬಿತ್ತು. ಗೊಂಚಲು ಗೊಂಚಲು ಕಾಯಿ! ಬೇಲಿಯಿಲ್ಲ, ಬೀಗವಿಲ್ಲ. ಬಳ್ಳಿಯ ನೆರಳಿನಲ್ಲಿ ಬೆಕ್ಕು ಮಲಗಿತ್ತು, ಅಷ್ಟೇ. ಯಾವ ಹೆಗ್ಗಣ ಆ ಕಡೆ ಸುಳಿದೀತು?

"ನೀವು ಒಂದೂ ಕಿತ್ತಿಲ್ಲವಲ್ಲ ಅಮ್ಮಾ?"

"ಅಮ್ಮಾಯಿ ಕೋಸಂ ಕದಂಡಿ," ಎಂದರು, ಮಗಳಿಗಾಗಿ ತಾನೆ ಎಂಬಂತೆ. ಆ ಕಾಯಿಗಾಗಿಯೇ ಅವರು ಬಟ್ಟೆಗೆ ಬೇರೆ ಹಗ್ಗ ಕಟ್ಟಿಕೊಂಡಿದ್ದರು. ನಾನು ಕುರ್ಚಿಯ ಮೇಲಿಂದಲೇ ಕೈಮುಗಿದೆ. ಕುರ್ಚಿ ಅಲುಗಿತು. ಇಂದಿರಮ್ಮ ಬೈದರು. ಇಬ್ಬರೂ ಸೇರಿ ಚೀಲ ತುಂಬಿಸಿದೆವು.

ರೈಲಿನಲ್ಲಿ ಅನಕಾಪಲ್ಲಿ ದಾಟುವ ಹೊತ್ತಿಗೆ ಡಬ್ಬಿಯೆಲ್ಲ ಸೊಗಡು. ಎದುರಿನ ಸೀಟಿನ ಹೆಂಗಸರು ವಿಷಯ ತಿಳಿದು, ಸೆರಗು ಒಡ್ಡಿ ಕುಳಿತು, ರಾಜಮಂಡ್ರಿ ಬರುವಷ್ಟರಲ್ಲಿ ಎಲ್ಲ ಕಾಯಿ ಸುಲಿದುಕೊಟ್ಟರು. ಸಂಜೆ ವಿಜಯವಾಡದಲ್ಲಿ ಕಾಳು ನೀರಿಗೆ ಬಿತ್ತು. ಬೆಳಿಗ್ಗೆ ಕಮಲಾಕ್ಷಿ ಮತ್ತು ದುರ್ಗಾಂಬ ಜೊತೆಗೆ ಕುಳಿತು ಹಿತಕಿದರು. ಕಾಳು ಪುಳುಕ್ಕೆಂದು ಚಿಮ್ಮಿದಾಗಲೆಲ್ಲ ದುರ್ಗಾಂಬ ಚಿಕ್ಕ ಹುಡುಗಿಯಂತೆ ನಗುತ್ತಿದ್ದರು. ನನಗೆ ನಗಲು ಧೈರ್ಯವಿರಲಿಲ್ಲ. ಅವರ ಬೀರುವಿನ ಕೈ ನನ್ನ ಜೇಬಿನಲ್ಲಿ ಕೆಂಡದಂತೆ ಕುಳಿತಿತ್ತು.

ಆರತಿ ಆಯಿತು, ಹಸಿರು ಬಳೆ ಆಯಿತು, ಎಲೆ ಹಾಕಿದರು. ಅರ್ಪಿತಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಅಪ್ಪಾ," ಎಂದಳು, "ಅದೇ ವಾಸನೆ."

ನನ್ನ ಜನ್ಮ ಸಾರ್ಥಕವಾಯಿತು. ಅದೇ ಹೊತ್ತಿಗೆ ದುರ್ಗಾಂಬ ಆವಕಾಯ ಒಂದಿಲ್ಲವೆಂದು ನೊಂದು ನುಡಿದರು: "ಎಲ್ಲಾ ಬಾಗುಂದಿ, ಆವಕಾಯ ಒಕ್ಕಟೇ ಲೇದು." ತೇಜ ನನ್ನನ್ನು ನೋಡಿದ. ನಾನು ಸೂರು ನೋಡಿದೆ. ಆಮೇಲೆ ಇನ್ನು ತಾಳಲಾರದೆ ಜೇಬಿನಿಂದ ಕೈ ತೆಗೆದು ಎಲೆಯ ಪಕ್ಕ ಇಟ್ಟೆ.

ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ಹೆಗ್ಗಣದಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ. ದುರ್ಗಾಂಬ ಬಿದ್ದು ಬಿದ್ದು ನಕ್ಕು ಬೀರುವಿನ ಕಡೆ ಓಡಿದರು. ಕಮಲಾಕ್ಷಿ ಮಾತ್ರ ಬಡಿಸುವ ಸೌಟು ಹಿಡಿದು ಹಾಗೇ ನಿಂತಿದ್ದಳು.

"ನನ್ನ ಬೀಗಕ್ಕೆ ಕೈ ಯಾಕ್ರೀ ಬೇಕಿತ್ತು? ಅದು ಹಾಕೇ ಇರಲಿಲ್ಲ!"

"ಏನು?"

"ಸುಮ್ಮನೆ ಸಿಗಿಸಿದ್ದೆ. ಎಳೆದಿದ್ರೆ ಬರ್ತಿತ್ತು. ನೀವು ಬ್ಯಾಂಕಿಗೆ ಹೋದ ಮೇಲೆ ದಿನಾ ಒಳಗೆ ಹೋಗ್ತಿದ್ದೆ. ನಿಮ್ಮ ಕೈ ಕನ್ನಡಕದ ಡಬ್ಬೀಲಿರುತ್ತೆ ಅಂತ ಇಂದಿರಮ್ಮಂಗೂ ಗೊತ್ತು. ಎರಡೆರಡು ಬೀಗ ಯಾರು ತೆಗೀತಾರೆ?"

"ಭಾನುವಾರ ತೆಗೀತಿದ್ದೆಯಲ್ಲ!"

"ಗೊಂಚಲು ಅಲ್ಲಾಡಿಸ್ತಿದ್ದೆ. ನೀವು ಬೆಟ್ಟ ನೋಡ್ತಿದ್ರಿ."

ಅಳಿಯ ಎಲೆಯ ಮೇಲೆ ಬಗ್ಗಿ ಕೆಮ್ಮತೊಡಗಿದ. "ದಿನಾ ಒಳಗೆ ಏನು ಕೆಲಸ ನಿನಗೆ?" ಎಂದೆ, ಕ್ಷೀಣ ದನಿಯಲ್ಲಿ.

ಕಮಲಾಕ್ಷಿ ಸೌಟು ನೋಡುತ್ತಾ ಹೇಳಿದಳು. "ಆ ಹೆಗ್ಗಣ ಮೊದಲಿಂದಲೂ ಇತ್ತು ಕಣ್ರೀ. ಹೊಟ್ಟೆ ಇಷ್ಟು ದಪ್ಪ, ಅದೂ ಬಸುರಿ. ನಡೆಯೋಕಾಗದೆ ಉಸ್ಸೋ ಅಂತ ಕೂತ್ಕೊಳ್ಳೋದು. ನಂಗೆ ಇವಳೇ ನೆನಪಾಗೋಳು. ಮೂಲೇಲಿ ಒಂದು ಚೂರು ರಾಗಿ ಮುದ್ದೆ ಇಡ್ತಿದ್ದೆ. ತಿಂದು ತಣ್ಣಗೆ ಬಿಲಕ್ಕೆ ಹೋಗಿ ಬಾಯಿಗೆ ಮಣ್ಣು ಮುಚ್ಕೊಳ್ಳೋದು, ಒಂದು ಕಾಯೀನೂ ಮುಟ್ತಿರಲಿಲ್ಲ. ನಾನು ಈ ಕಡೆ ಬಂದೆ, ಅದಕ್ಕೆ ಮುದ್ದೆ ಇಡೋರು ಯಾರು?"

ವಾರಗಟ್ಟಲೆ ನನ್ನ ಚಪ್ಪರ ಕಾದದ್ದು ಕಬ್ಬಿಣವಲ್ಲ, ಬೀಗವಲ್ಲ, ಒಂದು ಚೂರು ಮುದ್ದೆ! ನಾನು ತಲೆ ತಗ್ಗಿಸಿ ಸಾರು ಕಲಸಿಕೊಂಡೆ. ಅರ್ಪಿತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ಸುಸ್ತಾಗಿ ನನ್ನ ತೋಳಿಗೆ ಒರಗಿ ಕೇಳಿದಳು:

"ಅಪ್ಪಾ, ನಾಳೆ ಮಗು ಹುಟ್ಟಿದ ಮೇಲೆ ತೊಟ್ಟಿಲಿಗೂ ಪಂಜರ ಮಾಡಿಸಿ ಎರಡು ಬೀಗ ಹಾಕ್ತೀಯಾ?"

ನಾನು ಬಾಯಿ ತೆರೆಯುವ ಮೊದಲೇ ಕಮಲಾಕ್ಷಿ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ಹಾಕ್ಕೊಳ್ಳಲಿ ಬಿಡೇ," ಎಂದಳು. "ಒಂದು ಬೀಗ ನನ್ನದು ತಾನೆ!"